ಸಮುದ್ರದೊಳಗಿನ ದಿಬ್ಬಕ್ಕೆ ನಾನು ಹಾಕಿದ ಸಹಿ

ಮೈಸೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದ ಮಾತು. ಕರಾವಳಿಯ ಒಂದು ಊರಿನ ದಂಡೆಯನ್ನು ಮಳೆಗಾಲದ ಕಡಲು ವರ್ಷವರ್ಷವೂ ಕೊರೆಯುತ್ತಿತ್ತು. ಕಲ್ಲು ಸುರಿದು ಸೋತ ಇಲಾಖೆಯವರು, ಬೇರೆ ದಾರಿ ಇದ್ದರೆ ತಿಳಿಸಿ ಎಂದು ಕಾಲೇಜಿಗೆ ಬರೆದರು. ಮರಳು ತುಂಬಿದ ದೊಡ್ಡ ಚೀಲಗಳನ್ನು ದಡದಿಂದ ದೂರದಲ್ಲಿ, ನೀರಿನಡಿ ದಿಬ್ಬದಂತೆ ಪೇರಿಸಿದರೆ ಅಲೆ ಅಲ್ಲೇ ಮುರಿದು ಬಲ ಕಳೆದುಕೊಳ್ಳುತ್ತದೆ. ದಿಬ್ಬ ಓರೆಯಾಗಿದ್ದರೆ ಆ ಅಲೆ ಒಂದು ತುದಿಯಿಂದ ಇನ್ನೊಂದಕ್ಕೆ ಮಗುಚಿಕೊಳ್ಳುತ್ತ ಹೋಗಿ, ಹಲಗೆಯ ಮೇಲೆ ನಿಂತು ಅಲೆಯಲ್ಲಿ ಜಾರುವ ಸರ್ಫಿಂಗ್ ಆಟದವರಿಗೂ ಒದಗುತ್ತದೆ ಎಂದು ನಾನು ಉತ್ತರಿಸಿದೆ.

ಪರೀಕ್ಷಿಸಿ ತೋರಿಸಲು ಕಾಲೇಜಿನಲ್ಲಿ ಅಲೆ ಎಬ್ಬಿಸುವ ತೊಟ್ಟಿ ಇರಲಿಲ್ಲ. ನಮ್ಮ ಮನೆಗೆ ಗೇಟು ಮಾಡಿಕೊಟ್ಟಿದ್ದ ಮೈಸೂರಿನದೇ ಉದಯಗಿರಿ ಬಡಾವಣೆಯ ವೆಲ್ಡರ್ ಒಬ್ಬರನ್ನು ಕೇಳಿದೆ. ಅವರು ಸಮುದ್ರ ನೋಡಿದವರಲ್ಲ. ಆದರೂ ತಗಡು ಬೆಸೆದು ಕೋಣೆಯಗಲದ ತೊಟ್ಟಿ ಮಾಡಿ, ಹಳೆಯ ಕಾರಿನ ವೈಪರ್ ಮೋಟರಿಗೆ ಹಲಗೆ ಕಟ್ಟಿ ಅಲೆ ಎಬ್ಬಿಸಿದರು. ಇಡೀ ಬೇಸಿಗೆ ನಾವಿಬ್ಬರೂ ಪುಟ್ಟ ಮರಳಿನ ಚೀಲಗಳನ್ನು ಸರಿಸಿ ಸರಿಸಿ ಇಟ್ಟೆವು. ಕೊನೆಗೊಂದು ಮಧ್ಯಾಹ್ನ ಅಲೆ ದಿಬ್ಬದ ಮೇಲೆ ಓರೆಯಾಗಿ ಮುರಿಯಿತು. ಹಿಂದಿನ ದಡದ ಮರಳು ಕದಲಲಿಲ್ಲ. ಅವರು ಪಕ್ಕದ ಗ್ಯಾರೇಜಿನವರನ್ನೆಲ್ಲ ಕರೆದು ತೋರಿಸಿದರು.

ಯೋಜನೆಗೆ ಒಪ್ಪಿಗೆ ಸಿಕ್ಕಿತು. ಆದರೆ ಕೆಲಸ ಶುರುವಾಗುವ ಮುಂಚೆ ಬದಲಾದ ನಕ್ಷೆಯೊಂದು ನನ್ನ ಸಹಿಗೆಂದು ಬಂತು. ದಿಬ್ಬದ ಉದ್ದ ಅರ್ಧವಾಗಿತ್ತು. ದಡದ ಕ್ರೇನಿಗೆ ಎಟುಕಲೆಂದು ತೀರ ಹತ್ತಿರಕ್ಕೂ ತಂದಿದ್ದರು. ಫೋನು ಮಾಡಿದಾಗ ಅಧಿಕಾರಿ, ಇದು ಮೊದಲ ಹಂತ, ಉಳಿದದ್ದು ಮುಂದಿನ ವರ್ಷ ಎಂದರು. ಅದೇ ಅಳತೆಯಲ್ಲಿ ತೊಟ್ಟಿಯೊಳಗೆ ಚೀಲ ಇಟ್ಟು ನೋಡಿದೆವು. ದಿಬ್ಬ ದಾಟಿ ಬಂದ ನೀರು ಅದರ ಹಿಂದೆ ತುಂಬಿಕೊಂಡು, ಎರಡೂ ತುದಿಗಳಿಂದ ನುಗ್ಗಿ ದಡದ ಮರಳನ್ನು ಎಳೆದುಕೊಂಡು ಹೋಯಿತು.

"ನೋಡಿ ಮೇಡಂ, ಎರಡೂ ಕಡೆ ಕೊರೀತೈತೆ. ಸೈನ್ ಹಾಕ್ಬುಡ್ಬೇಡಿ," ಎಂದರು ವೆಲ್ಡರ್.

ಹಾಕಿದೆ. ಇಷ್ಟೂ ಕೈತಪ್ಪಿದರೆ ಮತ್ತೆ ಕಲ್ಲೇ ಗತಿ ಎಂದು ನನಗೆ ನಾನೇ ಹೇಳಿಕೊಂಡೆ. ಆಕ್ಷೇಪವನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದೆ.

ಮಳೆಗಾಲ ಕಳೆದ ಮೇಲೆ ಇಬ್ಬರೂ ಬಸ್ಸಿನಲ್ಲಿ ಅಲ್ಲಿಗೆ ಹೋದೆವು. ಅಲೆ ಓರೆಯಾಗಿ ಮುರಿಯದೆ ಒಮ್ಮೆಲೇ ಧಡಕ್ಕನೆ ಬೀಳುತ್ತಿತ್ತು. ದಿಬ್ಬದ ನೇರಕ್ಕೆ ಮರಳು ಉಳಿದಿತ್ತು. ಅದರ ಬಲಕ್ಕೆ, ಒಣಮೀನು ಮಾರುವ ಹೆಂಗಸೊಬ್ಬರ ಅಂಗಳವೂ ಮೀನು ಒಣಗಿಸುವ ಚಪ್ಪರವೂ ಕೊಚ್ಚಿಹೋಗಿದ್ದವು. ಯೋಜನೆ ಮಾಡಿದ್ದು ಯಾರು ಎಂದು ಅವರು ಕೇಳಿದರು. ನಾನೇ ಎಂದೆ.

"ಹೀಗಾಗ್ತದೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಆಫೀಸಿಗೆ ಬರೆದಿದ್ದೆ."

"ನಮಗೆ ಯಾಕೆ ಹೇಳ್ಲಿಲ್ಲ?"

ಅಷ್ಟು ದಿನ ಅಳತೆ, ಪತ್ರ, ಸಭೆ ಎಂದು ಓಡಾಡಿದ ನಾನು ಆ ಊರಿನವರ ಜೊತೆ ಒಂದು ಸಲವೂ ಕೂತು ಮಾತಾಡಿರಲಿಲ್ಲ.

ಎರಡನೆಯ ಹಂತ ಬರಲೇ ಇಲ್ಲ. ಈ ವಿಧಾನವೇ ನಮ್ಮ ಕಡಲಿಗೆ ಒಗ್ಗುವುದಿಲ್ಲ ಎಂದು ಕಡತ ಮುಚ್ಚಿ, ಲಾರಿಗಳಲ್ಲಿ ಕಲ್ಲು ತರಿಸಿದರು. ತಪ್ಪು ವಿಧಾನದ್ದಲ್ಲ, ದಿಬ್ಬವನ್ನು ಅರ್ಧಕ್ಕೆ ಕತ್ತರಿಸಿ ದಡಕ್ಕೆ ತಂದದ್ದರದ್ದು ಎಂದು ನಾನು ಮೇಲಿಂದ ಮೇಲೆ ಬರೆದೆ. ನಕ್ಷೆಯಲ್ಲಿ ತಮ್ಮ ಸಹಿ ಇರುತ್ತದೆ ಎಂದು ಒಂದೇ ಸಾಲಿನ ಉತ್ತರ ಬಂತು. ಆ ಸಾಲನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅವರ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ.

ಇಲಾಖೆಗೆ ಹೊಸ ಅಧಿಕಾರಿಗಳು ಬಂದ ಮೇಲೆ, ಈ ವರ್ಷ ಇನ್ನೊಂದು ಊರಿಗೆ ಇಂಥದೇ ದಿಬ್ಬದ ನಕ್ಷೆ ಬಂತು, ಅದೂ ದಡಕ್ಕೆ ಅಂಟಿಕೊಂಡೇ ಇತ್ತು. ಒಪ್ಪಲಾರೆ ಎಂದು ವಾಪಸ್ ಕಳಿಸಿದೆ. ಬೇರೆ ಯಾರೋ ಒಪ್ಪಿದ್ದಾರಂತೆ. ಏನಾಗಬಹುದೆಂದು ಸರಳವಾಗಿ ಬರೆದು ಆ ಊರಿನ ಪಂಚಾಯಿತಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ.