ಲಿಲ್ಲಿ ಅಕ್ಕನಿಗೆ ಹೋದ ಬಿಲ್ಲು

ಬೋಳಾರದ ಮನೆಯಲ್ಲೇ ನಾನು ಕೇಕ್ ಮಾಡಿ ಮಾರುತ್ತೇನೆ. ಇನ್ನು ಲೆಕ್ಕವನ್ನೆಲ್ಲ ಆನ್‌ಲೈನಿನಲ್ಲೇ ಇಡಬೇಕು ಎಂದು ಗಂಡ ಹಠ ಹಿಡಿದದ್ದರಿಂದ ಮೊಬೈಲಿನಲ್ಲಿ ಅಕೌಂಟಿಂಗ್ ಸಾಫ್ಟ್‌ವೇರ್ ಕಲಿಯಲು ಕೂತೆ. ಅಭ್ಯಾಸಕ್ಕೆ ಯಾರದಾದರೂ ಹೆಸರಿನಲ್ಲಿ ಒಂದು ಬಿಲ್ಲು ಮಾಡಿ ನೋಡಿ ಎಂದು ಕಲಿಸುವ ವೀಡಿಯೋದಲ್ಲಿ ಹೇಳಿದರು. ನನಗೆ ಹೊಳೆದದ್ದು ಕುದ್ರೋಳಿಯಲ್ಲಿರುವ ಗಂಡನ ಅಕ್ಕ ಲಿಲ್ಲಿಯವರ ಹೆಸರು. ಪ್ರತಿ ಕ್ರಿಸ್ಮಸ್ಸಿಗೆ ಅವರಿಗೆ ಸುಮ್ಮನೆ ಕೊಡುವ ಪ್ಲಮ್ ಕೇಕಿಗೇ ಬಿಲ್ಲು ಬರೆದೆ. ಹೆಸರು ಹಾಕಿದ ಕೂಡಲೇ ಅವರ ನಂಬರನ್ನು ಅದೇ ಹುಡುಕಿಕೊಂಡಿತು. ಎಂಥ ಬುದ್ಧಿ ಎಂದು ಮೆಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಲಿಲ್ಲಿ ಅಕ್ಕ ರಿಕ್ಷಾದಲ್ಲಿ ಬಂದಿಳಿದು, ತಮ್ಮ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದರು. ‘ಮಾನ್ಯ ಗ್ರಾಹಕರೇ, ನಿಮ್ಮ ಬಾಕಿಯನ್ನು ಕೂಡಲೇ ಪಾವತಿಸಿ.’

“ಇದೆಂತ ಮಾರಾಯ್ತಿ? ನಾನು ಯಾವಾಗ ನಿನ್ನ ಗ್ರಾಹಕಳಾದದ್ದು?”

“ಅಯ್ಯೋ ಅಕ್ಕ, ಅದು ಕಲಿಯುವುದಕ್ಕೆ ಮಾಡಿದ್ದು. ತಾನಾಗಿ ಹೋಗಿಬಿಟ್ಟಿದೆ,” ಎಂದೆ.

ಅವರು ಕುರ್ಚಿ ಎಳೆದು ಕೂತು, ಪರ್ಸಿನಿಂದ ದುಡ್ಡು ತೆಗೆದು ಮೇಜಿನ ಮೇಲಿಟ್ಟರು. ಬೇಡವೆಂದರೂ ಕೇಳಲಿಲ್ಲ.

“ಇಷ್ಟು ವರ್ಷ ಸುಮ್ಮನೆ ಕೊಡ್ತಿದ್ದಿ, ಹೇಗೆ ಹೇಳುವುದು ಅಂತ ಬಾಯಿ ಮುಚ್ಚಿಕೊಂಡಿದ್ದೆ. ಈಗ ಬಿಲ್ಲು ಉಂಟಲ್ಲ, ಹೇಳ್ತೇನೆ. ನಿನ್ನ ಕೇಕ್ ಒಣಗಿ ಹೋಗಿರ್ತದೆ. ದ್ರಾಕ್ಷಿಯಂತೂ ಹುಡುಕಬೇಕು.”

ನನಗೆ ಸಿಟ್ಟೇ ಬಂತು. ಅವರು ಹೋದ ಮೇಲೆ ಮಾರಲು ಮಾಡಿಟ್ಟಿದ್ದ ಪ್ಲಮ್ ಕೇಕಿನ ಒಂದು ತುಂಡು ತಿಂದು ನೋಡಿದೆ. ನಿಜವೇ ಆಗಿತ್ತು. ಅಂದಿನಿಂದ ಬೇಯಿಸುವ ಹೊತ್ತು ಇಳಿಸಿದೆ, ದ್ರಾಕ್ಷಿ ಹೆಚ್ಚಿಸಿದೆ. ಗಿರಾಕಿಗಳೂ ಹೆಚ್ಚಿದರು.

ಈ ಸಲ ಹಬ್ಬಕ್ಕೆ ಕೇಕ್ ಕಳಿಸಲೇ ಎಂದು ಲಿಲ್ಲಿ ಅಕ್ಕನಿಗೆ ಫೋನ್ ಮಾಡಿದರೆ, ಸುಮ್ಮನೆ ಕೊಡುವುದಾದರೆ ಬೇಡವೇ ಬೇಡ ಎಂದರು. ಅವರಿಗೆ ಬಿಲ್ಲು ಬೇಕಂತೆ.