ಕೂದಲು ನೆಡಿಸಿಕೊಳ್ಳುವ ಮೊದಲು ಅವ್ವ ಹೇಳಿದ್ದು

ನೆತ್ತಿ ಉರಿಯುತ್ತಿತ್ತು. ಖಾರ ಕಲಸಿದ ಕೈ ತಾಗಿದ ಹಾಗೆ. ಔರಾದದ ಶಾಲೆಯಲ್ಲಿ ಗಣಿತ ಕಲಿಸುವಾಗಲೂ ಕೈ ತಾನಾಗಿ ಬೈತಲೆಗೆ ಹೋಗುತ್ತಿತ್ತು. ಆರು ತಿಂಗಳಲ್ಲಿ ಬೈತಲೆ ಎರಡು ಬೆರಳಗಲವಾಯಿತು. ಅಲ್ಲಿಯ ಚರ್ಮ ನುಣ್ಣಗೆ ಹೊಳೆಯತೊಡಗಿತು.

ಅವ್ವ ಭಾಲ್ಕಿಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವಳು. ಕಿಟಕಿಯ ಬೆಳಕಿಗೆ ನನ್ನ ತಲೆ ಹಿಡಿದು ನೋಡಿದಳು.

"ಇದು ಬರೇ ಕೂದಲ ಉದುರೋದಲ್ಲ. ಚರ್ಮ ಕೆಂಪಾಗ್ಯಾದ. ಮೊದಲ ಬೀದರಿಗಿ ಹೋಗಿ ಸ್ಕಿನ್ ಡಾಕ್ಟರಿಗಿ ತೋರ್ಸಮು."

ನಾನು ಆಗಲೇ ಫೋನಿನಲ್ಲಿ ಹೈದರಾಬಾದಿನಲ್ಲಿ ಕೂದಲು ನೆಡುವ ಒಂದು ಕ್ಲಿನಿಕ್ ನೋಡಿಟ್ಟಿದ್ದೆ. "ನಿನ್ನ ನರ್ಸಿಂಗ್ ನಿನ್ನ ಕಾಲಕ್ಕ ಮುಗೀತವ್ವ" ಅಂದುಬಿಟ್ಟೆ.

ಅವ್ವ ಬೀದರಿನ ಮಾತು ಬಿಟ್ಟು ಚೀಲಕ್ಕೆ ಬಟ್ಟೆ ತುಂಬಿದಳು. ನನ್ನ ಜೊತೆ ಹೈದರಾಬಾದಿಗೆ ಬಂದಳು.

ಕ್ಲಿನಿಕ್ಕಿನ ಡಾಕ್ಟರು ಐದು ನಿಮಿಷ ನೋಡಿ, ಪೆನ್ನಿನಿಂದ ನೆತ್ತಿಯ ಮೇಲೆ ಗೆರೆ ಎಳೆದು ಹೋದರು. ಉರಿಯ ಬಗ್ಗೆ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ, ಹೇಳಿದರೆ ಬೇಡವೆಂದಾರು ಎಂಬ ಹೆದರಿಕೆ. ತಲೆಯ ಹಿಂಭಾಗ ಬೋಳಿಸಿ, ಅಲ್ಲಿಂದ ಬೇರು ಸಮೇತ ಕೂದಲು ತೆಗೆದು ನೆತ್ತಿಯಲ್ಲಿ ನೆಟ್ಟವರು ಇಬ್ಬರು ಹುಡುಗಿಯರು. ಅವರು ಡಾಕ್ಟರೋ ಟೆಕ್ನಿಷಿಯನ್ನರೋ, ಕೇಳುವ ಧೈರ್ಯ ಬರಲಿಲ್ಲ.

ಮನೆಯಲ್ಲಿ ನಾಲ್ಕು ದಿನ ಅವ್ವ ಗಂಟೆಗೊಮ್ಮೆ ತಲೆಗೆ ಸಲೈನ್ ಸಿಂಪಡಿಸಿದಳು. ನೆಟ್ಟ ಕೂದಲು ಮೊದಲು ಉದುರಿ ಆಮೇಲೆ ಹುಟ್ಟುತ್ತವೆ ಎಂದು ಹೇಳಿ ಕಳಿಸಿದ್ದರು. ಹಾಗೆಯೇ ಆಯಿತು. ನಾಲ್ಕನೆಯ ತಿಂಗಳು ಸಣ್ಣ ಸಣ್ಣ ಕೂದಲು ಕಂಡವು, ಉರಿಯೂ ತಗ್ಗಿತ್ತು. ಅವ್ವ ಮುಟ್ಟಿ ನೋಡಿ ನಕ್ಕಳು.

"ನಂದೇ ತಪ್ಪಿತ್ತು ನೋಡು."

ಹೌದೆಂದು ನಾನೂ ನಕ್ಕೆ.

ಎಂಟನೆಯ ತಿಂಗಳು ಉರಿ ಮರಳಿತು.

ದಿಂಬಿನ ಮೇಲೆ ಕೂದಲು, ಹಾಜರಿ ಪುಸ್ತಕದ ಮೇಲೆ ಕೂದಲು. ನೆಟ್ಟವೂ ಹೋದವು, ಸುತ್ತ ಮೊದಲಿನಿಂದ ಇದ್ದವೂ ಹೋದವು. ಕ್ಲಿನಿಕ್ಕಿನವರು ಫೋನಿನಲ್ಲಿ ಶಾಂಪೂ ಬದಲಿಸಲು ಹೇಳಿದರು.

ಆಗ ಬೀದರಿಗೆ ಹೋದೆವು. ಚರ್ಮದ ಡಾಕ್ಟರಮ್ಮ ನೆತ್ತಿಯಿಂದ ಒಂದು ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟಿನಲ್ಲಿ ಬಂದ ಹೆಸರು ಲೈಕನ್ ಪ್ಲಾನೋಪಿಲಾರಿಸ್. ಕೂದಲಿನ ಬೇರನ್ನೇ ತಿಂದು ಅಲ್ಲಿ ಕಲೆ ಬಿಡುವ ಕಾಯಿಲೆ.

"ಸರ್ಜರಿಗಿ ಮೊದಲ ಈ ಟೆಸ್ಟ್ ಮಾಡಿಸಿರ್ಲಿಲ್ಲೇನ್ರಿ?"

"ಇಲ್ರಿ."

"ಕಾಯಿಲಿ ಜೋರಿದ್ದಾಗ ನೆಟ್ರ, ನೆಟ್ಟಿದ್ದೂ ಹೋಗ್ತದರಿ. ಹಿಂದಿಂದ ತೆಗದಿದ್ದು ಮತ್ತ ಅಲ್ಲಿ ಹುಟ್ಟಂಗಿಲ್ಲ."

ಎರಡೂ ಕಡೆ ಹೋಯಿತು.

ಹೊರಗಿನ ಬೆಂಚಿನ ಮೇಲೆ ಅವ್ವ ಅಳತೊಡಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನರ್ಸ್ ಇದ್ದು ನಾ ಸುಮ್ಮ ಕುಂತೆ. ನಿನ್ನ ಕೈ ಹಿಡದು ಎಳಕೊಂಡು ಬರಬೇಕಿತ್ತು."

ತಪ್ಪು ನನ್ನದಾಗಿತ್ತು. ಅವಳ ಮೊಣಕಾಲು ಹಿಡಿದುಕೊಂಡು ಕೂತೆ.

ಈಗ ಗುಳಿಗೆ ನಡೆದಿದೆ. ಮೂರು ತಿಂಗಳಿಂದ ಉರಿ ತಗ್ಗಿದೆ. ಉಳಿದದ್ದು ಉಳಿಯಬಹುದು ಎನ್ನುತ್ತಾರೆ ಡಾಕ್ಟರಮ್ಮ. ಅಷ್ಟಕ್ಕೇ ದೇವರಿಗೆ ಸ್ತೋತ್ರ ಹೇಳುತ್ತೇನೆ. ಹೇಳುತ್ತ ಹೇಳುತ್ತ ಕೆಲವು ಭಾನುವಾರ ಚರ್ಚಿನಲ್ಲೇ ಅತ್ತುಬಿಡುತ್ತೇನೆ.

ಕಳೆದ ವಾರ ನಮ್ಮ ಶಾಲೆಯ ಕಿರಿಯ ಶಿಕ್ಷಕಿ ಸುನೀತಾ ಫೋನ್ ಹಿಡಿದು ಬಂದಳು. ಕೂದಲು ನೆಡುವ ಜಾಹೀರಾತು. ಅವಳ ಬೈತಲೆಯೂ ಅಗಲವಾಗುತ್ತಿದೆ.

"ಅಕ್ಕಾ, ಇದು ಹ್ಯಾಂಗದರಿ?"

ಸ್ಟಾಫ್ ರೂಮಿನ ಬಾಗಿಲು ಹಾಕಿ, ತಲೆಗೆ ಕಟ್ಟಿಕೊಂಡಿದ್ದ ಸ್ಕಾರ್ಫ್ ಬಿಚ್ಚಿದೆ. ನೆತ್ತಿ ತೋರಿಸಿದೆ. ತಿರುಗಿ ಹಿಂಭಾಗವನ್ನೂ ತೋರಿಸಿದೆ. ಅವಳು ಬಾಯಿಗೆ ಕೈ ಇಟ್ಟುಕೊಂಡಳು.

"ಯಾಕ ಉದುರ್ತಾವಂತ ಮೊದಲ ತಿಳ್ಕೋ. ಶನಿವಾರ ಬೀದರಿಗಿ ಹೋಗಮು, ನಾ ಬರ್ತೇನಿ."

ಸಂಜೆ ಅವ್ವನಿಗೆ ಹೇಳಿದೆ. ಅವಳು ಕೇಳಿದಳು:

"ಎಷ್ಟರ ಬಸ್ಸಿಗಿ? ನಾನೂ ಬರ್ತೇನಿ."