ಓವನ್ನಿನ ಎತ್ತರ

ಪೂರ್ಣೇಶ್ ಗೌಡರಿಗೆ ಅಡುಗೆಮನೆಯ ವಿಷಯದಲ್ಲಿ ಗೊತ್ತಿಲ್ಲದ್ದು ಎಂಬುದೇ ಇಲ್ಲ, ಉಪ್ಪಿನ ಡಬ್ಬಿ ಎಲ್ಲಿದೆ ಅನ್ನುವುದೊಂದನ್ನು ಬಿಟ್ಟು. ಅಡುಗೆಮನೆ ಹೊಸದು ಮಾಡಿಸಲು ಹೊರಟಾಗಿನಿಂದ ಅಳತೆ ಟೇಪು ಅವರ ಜೇಬು ಬಿಟ್ಟಿಲ್ಲ. ಕೊಯ್ಲಿನ ಮಾತಾಡಲು ಬಂದ ತೋಟದ ಮೇಸ್ತ್ರಿಗೂ ಗೋಡೆಯೊಳಗೆ ಕೂರುವ ಓವನ್ನಿನ ಪಟ ತೋರಿಸಿ, "ಇನ್ನು ನಮ್ಮನೇವ್ಳು ಬಗ್ಗೋದೇ ಬೇಡ ಮಾರಾಯ" ಅನ್ನುತ್ತಾರೆ. ದಿನವಿಡೀ ಒಲೆ ಮುಂದೆ ನಿಲ್ಲುವ ಹೆಂಡತಿ ಕುಸುಮಾ ಬಾಯಿ ತೆರೆದರೆ, "ನಿಂಗೆ ಅದೆಲ್ಲ ತಿಳಿಯಲ್ಲ, ಕಾಫಿ ತಾ." ಬಡಗಿ ಸಫ್ದರ್ ಎತ್ತರ ಕೇಳಿದಾಗ ಗೌಡರು ಗೋಡೆಗೆ ಮುಖಮಾಡಿ ನಿಂತು ತಮ್ಮ ಗದ್ದದ ಮಟ್ಟಕ್ಕೆ ಗೆರೆ ಎಳೆಸಿದರು. "ಇಲ್ಲಿಂದ ಮೇಲೆ ಬಾಗ್ಲು ಬರ್ಲಿ. ಒಳಗೆ ಬೆಂದಿದ್ದು ನಿಂತಲ್ಲಿಂದ್ಲೇ ಕಾಣ್ಬೇಕು." "ಅಕ್ಕನ್ನ ಒಂದ್ಸಲ ನಿಲ್ಸಿ ನೋಡನ ಗೌಡ್ರೆ," ಎಂದ ಸಫ್ದರ್. "ಅವ್ಳಿಗೊಂದು ಸ್ಟೂಲ್ ಮಾಡ್ಕೊಡು," ಎಂದು ನಕ್ಕರು. ಕುಸುಮಾ ತಾನೇ ಹೋಗಿ ಗೆರೆಯ ಕೆಳಗೆ ನಿಂತಳು. ಅದು ಅವಳ ನೆತ್ತಿಗಿಂತ ಮೇಲಿತ್ತು. ಸುಡುವ ತಟ್ಟೆ ಇನ್ನು ಅವಳ ಮುಖದ ಮೇಲಿಂದಲೇ ಇಳಿಯಬೇಕು. ಅವಳ ಎತ್ತರ ಗೌಡರಿಗೆ ಗೊತ್ತಿಲ್ಲ ಅನ್ನುವಂತಿಲ್ಲ. ಹೆಣ್ಣು ನೋಡಲು ಬಂದ ದಿನ ಅವರ ತಾಯಿ ಅವಳನ್ನು ಮಗನ ಪಕ್ಕ ನಿಲ್ಲಿಸಿ ಅಳೆದಿದ್ದರು. "ಭುಜಕ್ಕೆ ಬರ್ತಾಳೆ, ಹೆಂಗಸಿಗೆ ಅಷ್ಟು ಸಾಕು ಬಿಡವ್ವ," ಎಂದು ಒಪ್ಪಿದವರು ಗೌಡರೇ.